ಕನ್ನಡಿಯಿಲ್ಲದ ಕ್ಯಾಮೆರಾ

ದೀಪಾವಳಿ ಕಳೆಯಿತೆಂದರೆ ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲು, ಬ್ಯಾಡಗಿಗಳ ಸೀಮೆಯಲ್ಲಿ ಹೋರಿ ಹಬ್ಬದ ಕಾಲ ಬಂದಿತೆಂದೇ ತಿಳಿಯಬೇಕು. ಬಲೂನು, ಬಣ್ಣದ ಕಾಗದ, ಒಣಕೊಬ್ಬರಿಯ ಹಾರ ಇವುಗಳಿಂದ ಸಿಂಗರಿಸಿದ ಹೋರಿಯು ಜನಸಂದಣಿಯ ನಡುವಿನ ಅಖಾಡದಲ್ಲಿ ಬಿಟ್ಟ ಬಾಣದಂತೆ ಧಾವಿಸುತ್ತದೆ. ಅದರ ಕೊರಳಿನ ಕೊಬ್ಬರಿಯನ್ನು ಹರಿದುಕೊಳ್ಳಲು ತರುಣರು ಮೈಮರೆತು ಮೇಲೆ ಬೀಳುತ್ತಾರೆ. ಈ ನೋಟವು ಕೆಲವೇ ಕ್ಷಣಗಳದು. ಅದನ್ನು ಚಲಚ್ಚಿತ್ರವಾಗಿ ಹಿಡಿದಿಡಬೇಕೆಂಬ ಆಸೆ ಇಂದು ಹಳ್ಳಿಹಳ್ಳಿಯ ವಿದ್ಯಾರ್ಥಿಗಳಲ್ಲಿಯೂ ಮೂಡಿದೆ. ಕೈಯಲ್ಲಿರುವ ಫೋನಿನಿಂದ ಆರಂಭವಾದ ಈ ಹವ್ಯಾಸವು ಸ್ವಲ್ಪ ಮುಂದುವರಿದೊಡನೆ 'ಒಂದು ಒಳ್ಳೆಯ ಕ್ಯಾಮೆರಾ ಬೇಕು' ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇಲ್ಲಿಯೇ ತೊಡಕು. ಇಂಥ ಕ್ಯಾಮೆರಾದ ಬೆಲೆ ಅರ್ಧ ಲಕ್ಷ ರೂಪಾಯಿಗಳ ಆಸುಪಾಸಿನದು. ಗೋವಿನಜೋಳ ಬೆಳೆಯುವ ಸಣ್ಣ ಒಕ್ಕಲುತನದ ಮನೆಗೆ ಇದು ಒಂದು ಹಂಗಾಮಿನ ಗಳಿಕೆಯಲ್ಲಿ ದೊಡ್ಡ ಪಾಲು. ಜಾಹೀರಾತನ್ನು ನಂಬಿ ಕೊಂಡು ಆಮೇಲೆ ಮರುಗುವುದಕ್ಕಿಂತ, ಆ ಯಂತ್ರದೊಳಗೆ ನಡೆಯುವುದೇನು ಎಂಬುದನ್ನು ಮೊದಲೇ ಅರಿತುಕೊಳ್ಳುವುದು ಲೇಸು. ಆ ಅರಿವಿಗೆ ಬೇಕಾದ ವಿಜ್ಞಾನವು ಪ್ರೌಢಶಾಲೆಯ ಪಾಠಗಳನ್ನು ಮೀರಿದುದಲ್ಲ.

ಕನ್ನಡಿ ಏಕಿತ್ತು, ಏಕೆ ಹೋಯಿತು?

ಹಿಂದಿನ ಕಾಲದ ಒಳ್ಳೆಯ ಕ್ಯಾಮೆರಾಗಳಲ್ಲಿ ಮಸೂರದ ಹಿಂದೆ ೪೫ ಅಂಶದ ಓರೆಯಲ್ಲಿ ಒಂದು ಪುಟ್ಟ ಕನ್ನಡಿಯನ್ನು ನಿಲ್ಲಿಸಿರುತ್ತಿದ್ದರು. ಮಸೂರದೊಳಗಿಂದ ಬಂದ ಬೆಳಕು ಈ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗಿ, ಗಾಜಿನ ಪಟ್ಟಕವೊಂದರಲ್ಲಿ ಪ್ರತಿಫಲಿಸಿ, ನೋಡುವವನ ಕಣ್ಣನ್ನು ಸೇರುತ್ತಿತ್ತು. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಮೇಲಕ್ಕೆ ಹಾರುತ್ತಿತ್ತು. ಬೆಳಕು ಹಿಂದಿನ ಫಿಲ್ಮಿನ ಮೇಲೆ ಬೀಳುತ್ತಿತ್ತು. ಫಿಲ್ಮಿನ ಸ್ಥಳಕ್ಕೆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸೆನ್ಸರು ಬಂದ ಮೇಲೂ ಈ ಏರ್ಪಾಟು ಹಾಗೆಯೇ ಉಳಿಯಿತು.

೨೦೦೮ರಲ್ಲಿ ನಿಕಾನ್ ಡಿ೯೦ ಮತ್ತು ಕ್ಯಾನನ್ ೫ಡಿ ಮಾರ್ಕ್ ೨ ಎಂಬ ಕ್ಯಾಮೆರಾಗಳು ಸ್ಥಿರಚಿತ್ರದೊಡನೆ ಚಲಚ್ಚಿತ್ರವನ್ನೂ ತೆಗೆಯತೊಡಗಿದವು. ಆಗ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ಚಲಚ್ಚಿತ್ರ ತೆಗೆಯುವಷ್ಟು ಹೊತ್ತೂ ಬೆಳಕು ಸೆನ್ಸರಿನ ಮೇಲೆ ಬೀಳುತ್ತಲೇ ಇರಬೇಕು. ಆದುದರಿಂದ ಕನ್ನಡಿ ಮೇಲೆದ್ದೇ ಇರಬೇಕು. ಕನ್ನಡಿ ಮೇಲೆದ್ದರೆ ಕಿಂಡಿಯಲ್ಲಿ ಕತ್ತಲೆ. ಎಂದರೆ, ಚಲಚ್ಚಿತ್ರಕಾರನ ಪಾಲಿಗೆ ಆ ಕನ್ನಡಿಯು ಬರಿಯ ಭಾರವಾಯಿತು. ಅದೇ ವರ್ಷ ಪ್ಯಾನಸೋನಿಕ್ ಸಂಸ್ಥೆಯು ಜಿ೧ ಎಂಬ ಕ್ಯಾಮೆರಾದಲ್ಲಿ ಕನ್ನಡಿಯನ್ನೇ ತೆಗೆದುಹಾಕಿ, ಸೆನ್ಸರು ಕಂಡ ನೋಟವನ್ನು ಪುಟ್ಟ ವಿದ್ಯುತ್ ತೆರೆಯ ಮೇಲೆ ತೋರಿಸಿತು. 'ಮಿರರ್‌ಲೆಸ್' ಎಂದು ಅಂಗಡಿಯವರು ಹೇಳುವ ಕನ್ನಡಿರಹಿತ ಕ್ಯಾಮೆರಾಗಳ ಪೀಳಿಗೆ ಹೀಗೆ ಬೆಳೆಯಿತು.

ಕನ್ನಡಿ ಹೋದುದರಿಂದ ಮತ್ತೊಂದು ಅನುಕೂಲವೂ ಆಯಿತು. ಕ್ಯಾನನ್ನಿನ ಹಳೆಯ ಕ್ಯಾಮೆರಾಗಳಲ್ಲಿ ಮಸೂರವನ್ನು ಕೂರಿಸುವ ಬಳೆಗೂ ಸೆನ್ಸರಿಗೂ ೪೪ ಮಿಲಿಮೀಟರು ಅಂತರವಿರಬೇಕಾಗಿತ್ತು. ಹೊಸ ಆರ್ ಪೀಳಿಗೆಯಲ್ಲಿ ೨೦ ಮಿಲಿಮೀಟರು ಸಾಕು. ಸೋನಿಯಲ್ಲಿ ಇದು ೧೮, ನಿಕಾನ್ ಜೆಡ್ ಪೀಳಿಗೆಯಲ್ಲಿ ೧೬. ಉಳಿದ ಅಂತರದಲ್ಲಿ ಒಂದು ಟೊಳ್ಳು ಬಳೆಯನ್ನು ಜೋಡಿಸಿದರೆ ಹಳೆಯ ಮಸೂರಗಳನ್ನೂ ಹೊಸ ಕ್ಯಾಮೆರಾಕ್ಕೆ ತೊಡಿಸಬಹುದು. ಕೈಯಿಂದಲೇ ಫೋಕಸ್ ಮಾಡಲು ಅಭ್ಯಾಸವಿರುವವರಿಗೆ ಇದು ಹಣ ಉಳಿಸುವ ದಾರಿ.

ಬೆಳಕಿನ ಲೆಕ್ಕ

ಫೋನಿಗಿಂತ ಈ ಕ್ಯಾಮೆರಾ ಮೇಲೆನ್ನಲು ಮುಖ್ಯ ಕಾರಣ ಸೆನ್ಸರಿನ ವಿಸ್ತಾರ. ಫೋನಿನ ಸೆನ್ಸರು ೬.೪ × ೪.೮ ಮಿಲಿಮೀಟರು ಅಳತೆಯದೆಂದು ಇಟ್ಟುಕೊಳ್ಳೋಣ; ಅದರ ವಿಸ್ತೀರ್ಣ ಸುಮಾರು ೩೧ ಚದರ ಮಿಲಿಮೀಟರು. ಅಗ್ಗದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ರೂಢಿಯಲ್ಲಿರುವ ಎಪಿಎಸ್-ಸಿ ಎಂಬ ಸೆನ್ಸರು ಸುಮಾರು ೨೩.೫ × ೧೫.೬ ಮಿಲಿಮೀಟರಿನದು, ವಿಸ್ತೀರ್ಣ ೩೬೭. ಹನ್ನೆರಡು ಪಟ್ಟು ಹೆಚ್ಚು! ಮಳೆಗಾಲದಲ್ಲಿ ಅಂಗಳದಲ್ಲಿಟ್ಟ ಚರಿಗೆಗಿಂತ ಹಂಡೆಯಲ್ಲಿ ನೀರು ಹೆಚ್ಚು ಸೇರುವಂತೆ, ದೊಡ್ಡ ಸೆನ್ಸರಿನಲ್ಲಿ ಬೆಳಕು ಹೆಚ್ಚು ಸೇರುತ್ತದೆ.

ಹೆಚ್ಚು ಬೆಳಕು ಏಕೆ ಬೇಕು? ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ; ಅವು ಬೀಳುವುದು ಮಳೆಹನಿಗಳಂತೆ ಅಡ್ಡಾದಿಡ್ಡಿಯಾಗಿ. ಒಂದು ಬಿಂದುವಿನಲ್ಲಿ ಸರಾಸರಿ ೧೦,೦೦೦ ಕಣಗಳು ಬೀಳುವುದಾದರೆ ಏರಿಳಿತವು ಅದರ ವರ್ಗಮೂಲದಷ್ಟು, ಎಂದರೆ ೧೦೦. ಶೇಕಡ ಒಂದು ಮಾತ್ರ. ಬೀಳುವ ಕಣಗಳು ೧೦೦ ಮಾತ್ರವಾದರೆ ಏರಿಳಿತ ೧೦, ಶೇಕಡ ಹತ್ತು. ಈ ಏರಿಳಿತವೇ ಮಂದ ಬೆಳಕಿನ ಚಿತ್ರದಲ್ಲಿ ಎಳ್ಳು ಚೆಲ್ಲಿದಂತೆ ಕಾಣುವ ಕಾಳುಕಾಳು ಕಲೆ. ಅಬಲೂರಿನ ಸೋಮೇಶ್ವರ ದೇಗುಲದಲ್ಲಾಗಲಿ, ರಟ್ಟೀಹಳ್ಳಿಯ ಕದಂಬೇಶ್ವರ ದೇಗುಲದಲ್ಲಾಗಲಿ ನವರಂಗದ ಕಂಬಗಳನ್ನು ಫೋನಿನಿಂದ ತೆಗೆದು ನೋಡಿದವರಿಗೆ ಇದರ ಪರಿಚಯ ಉಂಟು. ಐಎಸ್‌ಒ ಸಂಖ್ಯೆಯನ್ನು ಏರಿಸಿದರೆ ಚಿತ್ರ ಬೆಳಗುತ್ತದೆಯೇ ಹೊರತು ಬಂದ ಬೆಳಕು ಹೆಚ್ಚುವುದಿಲ್ಲ.

ಬೆಳಕನ್ನು ನಿಜವಾಗಿ ಹೆಚ್ಚಿಸುವುದು ಮಸೂರದ ದ್ವಾರ. ಕ್ಯಾಮೆರಾದೊಡನೆ ಬರುವ ೧೬–೫೦ ಮಿಲಿಮೀಟರಿನ ಮಸೂರವನ್ನು ೫೦ಕ್ಕೆ ತಿರುಗಿಸಿದಾಗ ಅದರ ದ್ವಾರ ಎಫ್/೫.೬ರಷ್ಟು ಮಾತ್ರ ತೆರೆದುಕೊಳ್ಳುತ್ತದೆಂದು ಭಾವಿಸೋಣ. ಅದರ ಬದಲು ೫೦ ಮಿಲಿಮೀಟರಿನ ಎಫ್/೧.೮ ಮಸೂರವನ್ನು ಹಾಕಿದರೆ, ೫.೬ನ್ನು ೧.೮ರಿಂದ ಭಾಗಿಸಿ ವರ್ಗ ಮಾಡಿದಷ್ಟು, ಎಂದರೆ ಸುಮಾರು ಹತ್ತು ಪಟ್ಟು ಬೆಳಕು ಒಳಬರುತ್ತದೆ. ಆದುದರಿಂದ ದುಬಾರಿಯ ಕ್ಯಾಮೆರಾ, ಬಡ ಮಸೂರ ಎಂಬ ಜೋಡಿಗಿಂತ ಸಾಮಾನ್ಯ ಕ್ಯಾಮೆರಾ, ಒಳ್ಳೆಯ ಮಸೂರ ಎಂಬ ಜೋಡಿಯೇ ಮೇಲು.

ಕೊಳ್ಳುವಾಗ ನೋಡಬೇಕಾದುದು

ಮೆಗಾಪಿಕ್ಸೆಲ್‌ಗಳ ಸಂಖ್ಯೆಗೆ ಮರುಳಾಗಬೇಕಾಗಿಲ್ಲ. ೪-ಕೆ ಎಂಬ ಚಲಚ್ಚಿತ್ರದ ಪ್ರತಿ ಬಿಡಿಚಿತ್ರದಲ್ಲಿ ೩,೮೪೦ × ೨,೧೬೦, ಎಂದರೆ ಸುಮಾರು ೮೩ ಲಕ್ಷ ಬಿಂದುಗಳಿರುತ್ತವೆ. ಪೂರ್ಣ ಎಚ್‌ಡಿಯಲ್ಲಿ ೨೧ ಲಕ್ಷ ಮಾತ್ರ. ಎರಡು ಕೋಟಿಗೂ ಮಿಕ್ಕಿ ಬಿಂದುಗಳುಳ್ಳ ಇಂದಿನ ಯಾವ ಸೆನ್ಸರೂ ಇದಕ್ಕೆ ಸಾಲುತ್ತದೆ. ನೋಡಬೇಕಾದುದು ಬೇರೆ.

ಮೊದಲನೆಯದಾಗಿ, ಚಲಚ್ಚಿತ್ರ ತೆಗೆಯುವಾಗ ಸೆನ್ಸರಿನ ಪೂರ್ಣ ಅಗಲ ಬಳಕೆಯಾಗುವುದೇ ಎಂಬುದನ್ನು ಕೇಳಬೇಕು. ೨೦೨೩ರಲ್ಲಿ ಬಂದ ಕ್ಯಾನನ್ ಆರ್೫೦ ಮತ್ತು ೨೦೨೨ರ ನಿಕಾನ್ ಜೆಡ್೩೦ ೪-ಕೆಯಲ್ಲಿ ಪೂರ್ಣ ಅಗಲವನ್ನು ಬಳಸುತ್ತವೆ. ೨೦೨೧ರ ಸೋನಿ ಜೆಡ್‌ವಿ-ಇ೧೦ರಲ್ಲಿ ಸೆಕೆಂಡಿಗೆ ೩೦ ಚಿತ್ರಗಳನ್ನು ತೆಗೆದರೆ ಅಂಚುಗಳು ಸ್ವಲ್ಪ ಕತ್ತರಿಸಿಹೋಗುತ್ತವೆ. ಇನ್ನೂ ಅಗ್ಗವಾದ ಕ್ಯಾನನ್ ಆರ್೧೦೦ರಲ್ಲಿ ೪-ಕೆ ತೆಗೆಯುವಾಗ ಅಂಚು ಬಹಳ ಕತ್ತರಿಸಿಹೋಗುವುದಲ್ಲದೆ ಹಿಂದಿನ ತೆರೆಯೂ ತಿರುಗುವುದಿಲ್ಲ. ಅಂಚು ಕತ್ತರಿಸಿದರೆ ಇಕ್ಕಟ್ಟಾದ ಪಡಸಾಲೆಯಲ್ಲಿ ನಿಂತು ಕೂಡಿ ಹಾಡುವ ನಾಲ್ವರನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು ಕಷ್ಟ.

ಎರಡನೆಯದು ಮೈಕನ್ನು ಚುಚ್ಚುವ ರಂಧ್ರ. ಇದಿಲ್ಲದ ಕ್ಯಾಮೆರಾವನ್ನು ಚಲಚ್ಚಿತ್ರಕ್ಕಾಗಿ ಕೊಳ್ಳಲೇಬಾರದು. ಮೇಲೆ ಹೆಸರಿಸಿದವುಗಳಲ್ಲಿ ಅದು ಉಂಟು. ಧ್ವನಿಯನ್ನು ಕಿವಿಗಿಟ್ಟುಕೊಂಡು ಪರೀಕ್ಷಿಸುವ ರಂಧ್ರವು ಸೋನಿಯಲ್ಲಿ ಮಾತ್ರ ಇದೆ. ಮೂರನೆಯದು ನಡುಕವನ್ನು ತಡೆಯುವ ಏರ್ಪಾಟು. ಈ ಬೆಲೆಯ ಕ್ಯಾಮೆರಾಗಳಲ್ಲಿ ಸೆನ್ಸರನ್ನೇ ಅಲುಗಿಸಿ ನಡುಕವನ್ನು ಸರಿದೂಗಿಸುವ ಯಂತ್ರ ಸಾಮಾನ್ಯವಾಗಿ ಇರುವುದಿಲ್ಲ. ಮಸೂರದಲ್ಲಿರುವ ಏರ್ಪಾಟನ್ನೂ ಮುಕ್ಕಾಲಿಯನ್ನೂ ನೆಚ್ಚಬೇಕು.

ಹಣವನ್ನು ಹಂಚುವ ಬಗೆಯಲ್ಲಿ ನಮ್ಮ ಸಲಹೆಯಿಷ್ಟು: ಇರುವ ಹಣದಲ್ಲಿ ಮೂರರಲ್ಲೆರಡು ಪಾಲಿಗಿಂತ ಹೆಚ್ಚನ್ನು ಕ್ಯಾಮೆರಾಕ್ಕೆ ಸುರಿಯಬಾರದು. ಉಳಿದುದರಲ್ಲಿ ಮೈಕು, ಮುಕ್ಕಾಲಿ, ಎರಡನೆಯ ಬ್ಯಾಟರಿ, ಕಾರ್ಡು, ಬೂದುಗಾಜು ಇವು ಬರಬೇಕು. ಬಳಸಿದ ಕ್ಯಾಮೆರಾ ಕೊಳ್ಳುವವರು ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಜೇಡರಬಲೆಯಂಥ ಬೂಷ್ಟಿನ ಎಳೆಗಳಿವೆಯೇ ಎಂದು ನೋಡಬೇಕು. ಬಿಳಿಯ ಗೋಡೆಯನ್ನು ಚಿಕ್ಕ ದ್ವಾರದಲ್ಲಿ ಚಿತ್ರಿಸಿ ಸೆನ್ಸರಿನ ಕಲೆಗಳನ್ನು ಪರೀಕ್ಷಿಸಬೇಕು. ಅರ್ಧ ಗಂಟೆ ಎಡೆಬಿಡದೆ ಓಡಿಸಿ ಯಂತ್ರವು ಕಾದು ನಿಂತುಹೋಗುವುದೇ ಎಂಬುದನ್ನೂ ತಿಳಿಯಬೇಕು.

ಕಾಲದ ಲೆಕ್ಕ

ಚಲಚ್ಚಿತ್ರವೆಂಬುದು ಬಿಡಿಚಿತ್ರಗಳ ಸರಮಾಲೆ. ಸೆಕೆಂಡಿಗೆ ಎಷ್ಟು ಚಿತ್ರಗಳಿರಬೇಕು? ನಮ್ಮ ದೇಶದಲ್ಲಿ ೨೫ ಎಂದಿಟ್ಟುಕೊಳ್ಳುವುದಕ್ಕೆ ಒಂದು ವಿಶೇಷ ಕಾರಣವಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳುಳ್ಳದ್ದು. ಪ್ರತಿ ಆವರ್ತದಲ್ಲಿ ಎರಡು ಸಲ ಉಬ್ಬರ ಬರುವುದರಿಂದ ಕೊಳವೆದೀಪಗಳೂ ಹಲವು ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ ೧೦೦ ಸಲ ಮಿನುಗುತ್ತವೆ. ಕಣ್ಣಿಗೆ ಇದು ತಿಳಿಯದು, ಕ್ಯಾಮೆರಾಕ್ಕೆ ತಿಳಿಯದಿರದು. ಷಟರಿನ ಕಾಲವನ್ನು ಸೆಕೆಂಡಿನ ೫೦ರಲ್ಲೊಂದು ಭಾಗಕ್ಕೆ ಇಟ್ಟರೆ ಪ್ರತಿ ಬಿಡಿಚಿತ್ರದಲ್ಲಿ ಸರಿಯಾಗಿ ಎರಡು ಮಿನುಗುಗಳು ಸೇರುತ್ತವೆ. ಎಲ್ಲ ಚಿತ್ರಗಳೂ ಸಮನಾಗಿ ಬೆಳಗುತ್ತವೆ. ೬೦ರಲ್ಲೊಂದು ಭಾಗಕ್ಕೆ ಇಟ್ಟರೆ ಒಂದೂ ಮುಕ್ಕಾಲರ ಹತ್ತಿರ ಮಿನುಗು ಸೇರಿ, ಚಿತ್ರದಿಂದ ಚಿತ್ರಕ್ಕೆ ಬೆಳಕು ಏರಿಳಿಯುತ್ತದೆ. ಜಾತ್ರೆಯ ಪೆಂಡಾಲಿನಲ್ಲಿ ತೆಗೆದ ಚಿತ್ರಗಳು ಅನೇಕ ವೇಳೆ ನಡುಗುವ ದೀಪದಂತೆ ಕಾಣುವುದು ಇದರಿಂದ. ಆದುದರಿಂದ ಕ್ಯಾಮೆರಾದ ಪಟ್ಟಿಯಲ್ಲಿ 'ಪಾಲ್' ಎಂಬುದನ್ನು ಆರಿಸಿ, ೨೫ ಚಿತ್ರಗಳಿಗೆ ೫೦ರಲ್ಲೊಂದು ಭಾಗದ ಷಟರನ್ನು ಇಟ್ಟುಕೊಳ್ಳಬೇಕು. ಬಿಡಿಚಿತ್ರದ ಕಾಲದಲ್ಲಿ ಅರ್ಧದಷ್ಟು ಹೊತ್ತು ಷಟರು ತೆರೆದಿದ್ದರೆ ಚಲನೆಯು ಕಣ್ಣಿಗೆ ಸಹಜವಾಗಿ ಕಾಣುತ್ತದೆಂಬುದು ಸಿನಿಮಾದವರ ಹಳೆಯ ಅನುಭವವೂ ಹೌದು.

ಆದರೆ ಹಗಲಿನಲ್ಲಿ ಇದರಿಂದ ಬೇರೊಂದು ಸಮಸ್ಯೆ ಏಳುತ್ತದೆ. ಮಾಸೂರಿನ ಬಳಿ ಕುಮುದ್ವತಿ ನದಿಗೆ ಕಟ್ಟಿದ ಮದಗದ ಕೆರೆಯ ಕೋಡಿ ಬಿದ್ದು ನೀರು ಧುಮ್ಮಿಕ್ಕುವುದನ್ನು ಚುರುಕಾದ ಬಿಸಿಲಿನಲ್ಲಿ ಚಿತ್ರಿಸಬೇಕೆಂದಿರಲಿ. ಐಎಸ್‌ಒ ೧೦೦, ಷಟರು ೫೦ರಲ್ಲೊಂದು ಎಂದಾಗ ದ್ವಾರವನ್ನು ಎಫ್/೨೨ರವರೆಗೆ ಕಿರಿದಾಗಿಸಬೇಕಾಗುತ್ತದೆ. ಅಷ್ಟು ಚಿಕ್ಕ ದ್ವಾರದಲ್ಲಿ ಬೆಳಕು ಬಾಗಿ ಹರಡಿ, ಚಿತ್ರದ ಮೊನಚು ಮಾಸುತ್ತದೆ. ಎಫ್/೪ರಲ್ಲಿ ತೆಗೆಯಬೇಕಾದರೆ ೨೨ರಿಂದ ೧೬, ೧೧, ೮, ೫.೬, ೪ ಎಂದು ಐದು ಮೆಟ್ಟಿಲು ಇಳಿಯಬೇಕು. ಪ್ರತಿ ಮೆಟ್ಟಿಲಿಗೂ ಬೆಳಕು ಇಮ್ಮಡಿಸುವುದರಿಂದ ಒಟ್ಟು ೩೨ ಪಟ್ಟು ಹೆಚ್ಚು ಬೆಳಕು ಬಂದಂತಾಯಿತು. ಅದನ್ನು ೩೨ರಲ್ಲೊಂದು ಭಾಗಕ್ಕೆ ಇಳಿಸುವ ಬೂದುಬಣ್ಣದ ಗಾಜನ್ನು ಮಸೂರದ ಮುಂದೆ ತಿರುಚಿದರೆ ಸಮಸ್ಯೆ ಬಗೆಹರಿಯಿತು. ಅಂಗಡಿಯಲ್ಲಿ ಇದನ್ನು 'ಎನ್‌ಡಿ ಫಿಲ್ಟರ್' ಎನ್ನುತ್ತಾರೆ.

ಹೋರಿಯ ಬಲೂನು ಓರೆಯಾಗುವುದೇಕೆ?

ಈಗ ಹೋರಿಯ ಕಡೆಗೆ ತಿರುಗೋಣ. ಅದು ಗಂಟೆಗೆ ೩೬ ಕಿಲೋಮೀಟರು ವೇಗದಿಂದ ಓಡುತ್ತದೆಂದು ಭಾವಿಸಿದರೆ, ಸೆಕೆಂಡಿಗೆ ೧೦ ಮೀಟರು ಸಾಗಿದಂತಾಯಿತು. ಷಟರು ೫೦ರಲ್ಲೊಂದು ಭಾಗ ತೆರೆದಿದ್ದಾಗ ಅದು ೨೦ ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಅಷ್ಟು ಮಸುಕು ಬೀಳುತ್ತದೆ. ನೋಡಲು ಇದು ಹಿತವೇ. ಆದರೆ ಕೊಬ್ಬರಿ ಯಾರ ಕೈಗೆ ಬಂದಿತೆಂಬುದನ್ನು ನಿಧಾನಗತಿಯಲ್ಲಿ ಪರೀಕ್ಷಿಸಬೇಕಾದರೆ ೫೦೦ರಲ್ಲೊಂದು ಭಾಗ ಬೇಕು. ಆಗ ಮಸುಕು ಎರಡೇ ಸೆಂಟಿಮೀಟರು. ಸೆಕೆಂಡಿಗೆ ೧೦೦ ಚಿತ್ರಗಳನ್ನು ತೆಗೆದು ೨೫ರಂತೆ ತೋರಿಸಿದರೆ ಓಟವು ನಾಲ್ಕು ಪಟ್ಟು ನಿಧಾನವಾಗುತ್ತದೆ.

ಷಟರನ್ನು ಎಷ್ಟು ಚುರುಕುಗೊಳಿಸಿದರೂ ಹೋಗದ ದೋಷವೊಂದಿದೆ. ಈ ಕ್ಯಾಮೆರಾಗಳು ಸೆನ್ಸರಿನ ಎಲ್ಲ ಬಿಂದುಗಳನ್ನೂ ಒಮ್ಮೆಗೇ ಓದುವುದಿಲ್ಲ. ಪುಸ್ತಕ ಓದುವಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುತ್ತವೆ. ಅಗ್ಗದ ಕೆಲವು ಕ್ಯಾಮೆರಾಗಳಲ್ಲಿ ೪-ಕೆ ತೆಗೆಯುವಾಗ ಹೀಗೆ ಓದಲು ಸೆಕೆಂಡಿನ ೩೦ರಲ್ಲೊಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ನಮ್ಮ ಹೋರಿ ೩೩ ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಹೋರಿಯು ಚೌಕಟ್ಟಿನ ಅರ್ಧ ಎತ್ತರವನ್ನು ತುಂಬಿದ್ದರೆ, ಕೋಡಿನ ಬಲೂನಿಗೂ ಕೆಳಗಿನ ಗೊರಸಿಗೂ ನಡುವೆ ಸುಮಾರು ೧೭ ಸೆಂಟಿಮೀಟರಿನ ಓರೆ ಬರುತ್ತದೆ. ನೆಟ್ಟಗಿರುವ ಕೋಲು ವಾಲಿದಂತೆ ಕಾಣುತ್ತದೆ. ಕ್ಯಾಮೆರಾವನ್ನೇ ಹೋರಿಯೊಡನೆ ತಿರುಗಿಸಿದರೆ ಹೋರಿ ನೆಟ್ಟಗಾಗಿ ಹಿಂದಿನ ವಿದ್ಯುತ್ ಕಂಬಗಳು ವಾಲುತ್ತವೆ! ಪರಿಹಾರವೇನೆಂದರೆ, ಅಡ್ಡಲಾಗಿ ಓಡುವುದನ್ನು ತೆಗೆಯದೆ, ಎತ್ತರದಿಂದ, ಓರೆಯಾಗಿ ಎದುರು ಬರುವುದನ್ನು ತೆಗೆಯುವುದು.

ಎತ್ತರದಿಂದ ಎಂದು ಬೇಕೆಂತಲೇ ಹೇಳಿದ್ದೇವೆ. ಈ ಸ್ಪರ್ಧೆಗಳಲ್ಲಿ ನೋಡುಗರೂ ಹೋರಿಯ ತಿವಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ ವರದಿಗಳು ಬಂದಿವೆ. ಕ್ಯಾಮೆರಾದ ತೆರೆಯನ್ನು ನೋಡುತ್ತಿರುವವನಿಗೆ ವಿಶಾಲಕೋನದ ಮಸೂರದಿಂದಾಗಿ ಹೋರಿಯು ಇನ್ನೂ ದೂರದಲ್ಲಿದ್ದಂತೆ ತೋರುತ್ತದೆ. ಹತ್ತು ಮೀಟರು ದೂರದ ಹೋರಿ ಒಂದು ಸೆಕೆಂಡಿನಲ್ಲಿ ಮೈಮೇಲಿರುತ್ತದೆ. ಅಖಾಡದ ಅಂಚಿನಲ್ಲಿ ನೆಲದ ಮೇಲೆ ಕುಳಿತು ಚಿತ್ರ ತೆಗೆಯುವುದು ಸಾಹಸವಲ್ಲ, ಅವಿವೇಕ. ಮನೆಯ ಮಾಳಿಗೆಯೋ, ಗಟ್ಟಿಯಾಗಿ ಕಟ್ಟಿದ ಅಟ್ಟಣಿಗೆಯೋ ತಕ್ಕ ಸ್ಥಳ. ಉದ್ದ ಸಂಗಮದೂರದ ಮಸೂರ ಇರುವುದೇ ದೂರದಲ್ಲಿ ನಿಲ್ಲುವುದಕ್ಕಾಗಿ.

ಧ್ವನಿಯೇ ಅರ್ಧ ಚಿತ್ರ

ಚಿತ್ರ ತುಸು ಮಸುಕಾಗಿದ್ದರೆ ನೋಡುಗರು ಸಹಿಸಿಯಾರು. ಮಾತು ಕೇಳಿಸದಿದ್ದರೆ ಎದ್ದು ಹೋಗುವರು. ಧ್ವನಿಯ ಶಕ್ತಿಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ನಾಲ್ಕು ಮೀಟರು ದೂರದ ಕ್ಯಾಮೆರಾದಲ್ಲಿರುವ ಮೈಕಿಗೆ ತಲುಪುವ ಶಕ್ತಿಯು ಒಂದು ಮೀಟರು ದೂರದ ಮೈಕಿಗೆ ತಲುಪುವುದರ ೧೬ರಲ್ಲೊಂದು ಭಾಗ ಮಾತ್ರ. ಆದುದರಿಂದ ಮೈಕನ್ನು ಹಾಡುವವರ ಹತ್ತಿರಕ್ಕೆ ಒಯ್ಯಬೇಕು; ಬಯಲಿನಲ್ಲಿ ಅದಕ್ಕೆ ತುಪ್ಪಟದ ಹೊದಿಕೆ ತೊಡಿಸಿ ಗಾಳಿಯ ಸದ್ದನ್ನು ತಡೆಯಬೇಕು. ಇನ್ನೊಂದು ಮಾತು: ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ೩೪ ಮೀಟರು ದೂರದ ಡೊಳ್ಳಿನ ಸದ್ದು ಸೆಕೆಂಡಿನ ಹತ್ತರಲ್ಲೊಂದು ಭಾಗ ತಡವಾಗಿ, ಎಂದರೆ ಎರಡೂವರೆ ಬಿಡಿಚಿತ್ರಗಳಷ್ಟು ಹಿಂದಾಗಿ ಬಂದು, ಗುಣಿಗೂ ಪೆಟ್ಟಿಗೂ ಹೊಂದಾಣಿಕೆ ತಪ್ಪುತ್ತದೆ.

ಬೆಳಕಿಗಾಗಿ ಹೆಚ್ಚು ಹಣ ಬೇಡ. ಮೈಸೂರಿನವರೇ ಆದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ೧೯೫೯ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದ ಕತ್ತಲೆಯೊಳಗೆ ಬೆಳಕಿನ ಕಂಬವೊಂದನ್ನು ಇಳಿಸಿ ಹೆಸರಾದರು. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದುದೇ ಅದರ ಗುಟ್ಟು. ೨೦೦೮ರ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಕ್ಯಾಮೆರಾದೊಳಗಿಂದ ಹೊರಬಿದ್ದ ಕನ್ನಡಿಗೆ ಹೊರಗೆ ಇನ್ನೂ ಕೆಲಸವುಂಟು. ಬಾಗಿಲಿನ ಬೆಳಕನ್ನು ಬಿಳಿಯ ಪಂಚೆಯಿಂದಲೋ ಥರ್ಮೋಕೋಲ್ ಹಲಗೆಯಿಂದಲೋ ಮುಖಕ್ಕೆ ತಿರುಗಿಸಿದರೆ ಪಡಸಾಲೆಯಲ್ಲಿಯೇ ಒಳ್ಳೆಯ ಚಿತ್ರ ಬರುತ್ತದೆ.

ಕಾಪಾಡುವ ಬಗೆ

೪-ಕೆ ಚಲಚ್ಚಿತ್ರವು ಸೆಕೆಂಡಿಗೆ ೧೦೦ ಮೆಗಾಬಿಟ್ಟುಗಳಂತೆ ದಾಖಲಾದರೆ, ಎಂಟರಿಂದ ಭಾಗಿಸಿದಾಗ ಸೆಕೆಂಡಿಗೆ ೧೨.೫ ಮೆಗಾಬೈಟು, ಗಂಟೆಗೆ ೪೫ ಗಿಗಾಬೈಟು. ೬೪ ಗಿಗಾಬೈಟಿನ ಕಾರ್ಡಿನಲ್ಲಿ ಸುಮಾರು ೮೫ ನಿಮಿಷ ಹಿಡಿಯುತ್ತದೆ. ಕಾರ್ಡಿನ ಮೇಲೆ 'ವಿ೩೦' ಎಂಬ ಗುರುತಿದ್ದರೆ ಅದು ಸೆಕೆಂಡಿಗೆ ೩೦ ಮೆಗಾಬೈಟಿಗೆ ಕಡಿಮೆಯಾಗದಂತೆ ಬರೆದುಕೊಳ್ಳಬಲ್ಲದೆಂದು ಅರ್ಥ, ಅಷ್ಟು ಸಾಕು. ತೆಗೆದುದನ್ನು ಅಂದೇ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಳಿಸಿಡಬೇಕು.

ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಮಸೂರವನ್ನು ಕಳಚಿದೊಡನೆ ಸೆನ್ಸರು ಬಯಲಾಗುವುದುಂಟು. ಅಖಾಡದ ಧೂಳಿನಲ್ಲಿ ಮಸೂರ ಬದಲಿಸಬಾರದು. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯನ್ನು ಕೆಳಗೆ ಹಿಡಿದು ಬದಲಿಸಬೇಕು. ಹಿರೇಕೆರೂರು ಮಲೆನಾಡಿನ ಸೆರಗಿನಲ್ಲಿರುವ ಸೀಮೆ. ಮಳೆಗಾಲದ ತೇವಕ್ಕೆ ಮಸೂರದಲ್ಲಿ ಬೂಷ್ಟು ಹಿಡಿಯುವುದು ಸುಲಭ. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟರೆ ಕ್ಷೇಮ.

ಕಡೆಯದಾಗಿ, ಏನನ್ನು ತೆಗೆಯಬೇಕು ಎಂಬ ಪ್ರಶ್ನೆ. ಹೋರಿ ಹಬ್ಬವು ಮುಂದಿನ ವರ್ಷವೂ ಬರುತ್ತದೆ. ಆದರೆ ಬೀಸುವ ಕಲ್ಲಿನ ಪದ, ಸೋಬಾನೆಯ ಪದ, ಬಯಲಾಟದ ಮಾತುಗಳನ್ನು ಬಾಯಲ್ಲಿ ಉಳಿಸಿಕೊಂಡಿರುವ ಹಿರಿಯರು ಪ್ರತಿ ಊರಿನಲ್ಲಿಯೂ ಕೆಲವರೇ ಉಳಿದಿದ್ದಾರೆ. ಅವರೊಡನೆ ಹೋಗುವುದು ಮತ್ತೆ ಬರುವಂಥದಲ್ಲ. ಇದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಆದರೆ ಒಂದು ಸಂಸ್ಥೆಯು ಪ್ರತಿ ಮನೆಯ ಪಡಸಾಲೆಗೂ ಬರಲಾರದು. ಆ ಮನೆಯ ಮೊಮ್ಮಕ್ಕಳು ಬರಬಲ್ಲರು. ಮೊದಲು ಅಜ್ಜಿಯ ಒಪ್ಪಿಗೆ ಕೇಳಬೇಕು. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಚಿತ್ರದ ಆರಂಭದಲ್ಲಿಯೇ ಅವರ ಬಾಯಿಂದಲೇ ಹೇಳಿಸಬೇಕು. ಪದದ ನಡುವೆ ನಿಲ್ಲಿಸದೆ ಪೂರ್ತಿ ಹಾಡಗೊಡಬೇಕು. ತೆಗೆದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು. ಇಷ್ಟಕ್ಕೆ ಎಲ್ಲಕ್ಕಿಂತ ಅಗ್ಗದ ಕ್ಯಾಮೆರಾ, ಹತ್ತಿರದಲ್ಲಿಟ್ಟ ಒಂದು ಮೈಕು, ಬಾಗಿಲಿನ ಬೆಳಕು ಸಾಕು. ಕ್ಯಾಮೆರಾ ಕೊಳ್ಳುವವರೆಗೂ ಕಾಯಲಾಗದಿದ್ದರೆ ಕೈಯಲ್ಲಿರುವ ಫೋನಿನಿಂದಲೇ ಈ ಕೆಲಸವನ್ನು ಆರಂಭಿಸಬಹುದು.